ಆಯ್ದಕ್ಕಿ ದಂಪತಿಯ ಅಡುಗೆಮನೆ

ಬಸವಕಲ್ಯಾಣ ಸೀಮೆಯಲ್ಲಿ ಮನೆಯಡುಗೆಯ ಹಿರಿಮೆಯನ್ನು ಬದುಕಿನ ಮೂಲಕವೇ ತೋರಿಸಿದವರು 12ನೆಯ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ (ಇಂದಿನ ಬಸವಕಲ್ಯಾಣಕ್ಕೆ) ಬಂದ ಇವರ ಕಾಯಕ, ಎಂದರೆ ಶ್ರದ್ಧೆಯಿಂದ ಮಾಡುವ ದುಡಿಮೆ, ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದಾಗಿತ್ತು. ಮಾರಯ್ಯ ತಂದ ಅಕ್ಕಿಯನ್ನು ಲಕ್ಕಮ್ಮ ಹಸನುಮಾಡಿ ಬೇಯಿಸಿ, ಜಂಗಮರಿಗೆ, ಎಂದರೆ ಸಂಚಾರಿ ಶಿವಭಕ್ತರಿಗೆ, ಉಣಬಡಿಸಿದ ಬಳಿಕವೇ ದಂಪತಿ ಉಣ್ಣುತ್ತಿದ್ದರು. ಹೀಗೆ ಗಳಿಕೆಯನ್ನು ಹಂಚಿ ಉಣ್ಣುವುದನ್ನೇ ಶರಣರು ದಾಸೋಹ ಎಂದರು. ಒಮ್ಮೆ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅಗತ್ಯವನ್ನು ಮೀರಿದ್ದು ಆಸೆಯೇ ಎಂದು ಎಚ್ಚರಿಸಿದ ಲಕ್ಕಮ್ಮ ಅದನ್ನು ಆಯ್ದು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬುದು ಶರಣಪರಂಪರೆಯ ಪ್ರಸಿದ್ಧ ಕಥೆ. ಇಬ್ಬರ ವಚನಗಳೂ ಉಳಿದುಬಂದಿವೆ.

ಹೀಗೆ ಹಂಚಿ ಉಣ್ಣುವ ರೂಢಿಯನ್ನು ಈ ಸೀಮೆಯಲ್ಲಿ ಇಂದಿಗೂ ಕಾಣಬಹುದು: ಎಳ್ಳಮಾವಾಸ್ಯೆಯಂದು ರೈತ ಕುಟುಂಬಗಳು ಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಗಳನ್ನು ಹೊಲಕ್ಕೆ ಒಯ್ದು, ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ನೆಂಟರಿಷ್ಟರನ್ನು ಕರೆದು ಉಣಿಸುತ್ತವೆ. ಗಂಡ ಹೆಂಡತಿ ಕೂಡಿ ದುಡಿದು, ಬೇಕಾದಷ್ಟೇ ಬೇಯಿಸಿ, ಬಂದವರೊಡನೆ ಹಂಚಿ ಉಣ್ಣುವ ಆಯ್ದಕ್ಕಿ ದಂಪತಿಯ ಕ್ರಮವನ್ನು, ಅನ್ನ ಪೋಲಾಗುತ್ತಿರುವ ಇಂದಿನ ದಿನಗಳಲ್ಲಿ ಪ್ರತಿ ಮನೆಯೂ ರೂಢಿಸಿಕೊಳ್ಳಬೇಕು.