ಸ್ಕಾಟ್ಲೆಂಡ್ ಚರಿತ್ರೆಗೆ ಯಾವ ಪುಸ್ತಕ ಹಿಡಿಯಬೇಕು?

ಆದವಾನಿ, ರಾಯದುರ್ಗದ ಕಂದಾಯದ ಚರಿತ್ರೆ ಓದುವವರಿಗೆ ಥಾಮಸ್ ಮನ್ರೋ ಹೆಸರು ಹೊಸದಲ್ಲ. 1800ರಿಂದ 1807ರವರೆಗೆ ಅಲ್ಲಿ ಕಲೆಕ್ಟರ್ ಆಗಿದ್ದ ಆತ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಕೈಫಿಯತ್ತುಗಳನ್ನು ಕೂಡಿಹಾಕಿಸಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವರು. ಹಾಗಾಗಿ ಅವರ ನಾಡಿನ ಚರಿತ್ರೆಯೂ ನಮಗೆ ಬೇಕಾಗುತ್ತದೆ. ಆದರೆ ಯಾವುದರಿಂದ ಶುರು ಮಾಡೋದು?

ಮೊದಲು ಒಂದು ಚೌಕಟ್ಟು ಇರಲಿ. ಟಿ. ಸಿ. ಸ್ಮೌಟ್ ಅವರ 1969ರ ಪುಸ್ತಕ 1560ರಿಂದ 1830ರವರೆಗಿನ ಜನಜೀವನವನ್ನು ಹೇಳುತ್ತದೆ. 1700ರಿಂದ ಈಚೆಗೆ ಟಾಮ್ ಡಿವೈನ್ ಅವರ 'ದಿ ಸ್ಕಾಟಿಷ್ ನೇಷನ್' ಇದೆ.

ಆಮೇಲೆ ಒಂದೇ ವಿಷಯದ ಮೇಲೆ ಮೂರು ಪುಸ್ತಕ ಓದಿ ಅಂತೀನಿ. ಹೈಲ್ಯಾಂಡ್ಸ್ ಎಂಬ ಬೆಟ್ಟಸೀಮೆಯಲ್ಲಿ 18, 19ನೇ ಶತಮಾನಗಳಲ್ಲಿ ಜಮೀನ್ದಾರರು ಕುರಿಗಳಿಗೆ ಜಾಗ ಮಾಡಲು ಒಕ್ಕಲುಗಳನ್ನು ಎಬ್ಬಿಸಿದರು. ಜಾನ್ ಪ್ರೆಬಲ್ 1963ರಲ್ಲಿ ಅದನ್ನು ಮನಕಲಕುವ ಕಥೆಯಂತೆ ಬರೆದರು. ಜೇಮ್ಸ್ ಹಂಟರ್ 1976ರಲ್ಲಿ ಒಕ್ಕಲುಗಳ ಕಡೆ ನಿಂತು ನೋಡಿದರು, ಗೇಲಿಕ್ ಕಾವ್ಯವನ್ನೂ ಸಾಕ್ಷಿಯಾಗಿ ತಗೊಂಡರು. 2018ರಲ್ಲಿ ಡಿವೈನ್, ತಗ್ಗುಸೀಮೆಯಲ್ಲೂ ರೈತರು ನೆಲ ಕಳಕೊಂಡಿದ್ದರು ಎಂದು ತೋರಿಸಿದರು. ಒಂದನ್ನೇ ಓದಿದವರಿಗೆ ಉಳಿದೆರಡು ಕಾಣೋದಿಲ್ಲ.

ಆದ್ದರಿಂದ ಪುಸ್ತಕ ಆರಿಸುವಾಗ ಮೂರು ನೋಡಿ: ಯಾವ ವರ್ಷದ್ದು, ಯಾರ ದಾಖಲೆ ನಂಬಿದೆ, ಆ ದಾಖಲೆ ಯಾವ ಭಾಷೆಯದು. ಭೂಮಾಲೀಕರ ಕಾಗದಗಳು ಇಂಗ್ಲಿಷಿನಲ್ಲಿದ್ದವು, ಒಕ್ಕಲಿನವರ ಅಳಲು ಗೇಲಿಕ್‌ನಲ್ಲಿತ್ತು. ಮನ್ರೋ ವರದಿಗಳಿಗೂ ಇದೇ ಪ್ರಶ್ನೆ ಹಾಕಬೇಕು: ವರದಿ ಇಂಗ್ಲಿಷಿನದು, ಹೊಲದಲ್ಲಿದ್ದ ರೈತ ಮಾತಾಡಿದ್ದು ಕನ್ನಡವೋ ತೆಲುಗೋ. ಆ ಮಾತು ಎಲ್ಲಿ ಹೋಯಿತು?