ಬೀಗವನ್ನು ಕಂಡುಹಿಡಿದ ಬಗೆ

ಅತ್ಯಲ್ಪ ಪ್ರಮಾಣದ ಮಾರ್ಫೀನು ತೀವ್ರವಾದ ನೋವನ್ನು ಅಡಗಿಸಬಲ್ಲುದು. ಹಾಗಾದರೆ ಬೀಗಕ್ಕೆ ಬೀಗದಕೈ ಹೊಂದುವಂತೆ ಅದು ಹೊಂದಿಕೊಳ್ಳುವ ತಾಣವೊಂದು ನರಕೋಶದಲ್ಲಿ ಇರಲೇಬೇಕಷ್ಟೆ? ಈ ತಾಣಕ್ಕೆ ಗ್ರಾಹಕವೆಂದು ಹೆಸರು. ಅದು ಇದೆಯೆಂದು ಊಹಿಸುವುದು ಸುಲಭ, ತೋರಿಸುವುದು ಕಷ್ಟ. ವಿಕಿರಣಶೀಲವಾಗಿಸಿದ ಮದ್ದನ್ನು ಅರೆದ ಮಿದುಳಿನೊಡನೆ ಬೆರಸಿದರೆ ಅದು ಗ್ರಾಹಕಕ್ಕಷ್ಟೇ ಅಲ್ಲ, ಕೊಬ್ಬಿಗೂ ಸೋಸುಕಕ್ಕೂ ಅಂಟಿಕೊಳ್ಳುತ್ತದೆ. ಜಾತ್ರೆಯ ಗದ್ದಲದಲ್ಲಿ ಪಿಸುಮಾತನ್ನು ಆಲಿಸಿದಂತಾಯಿತು!

1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಈ ತೊಡಕನ್ನು ಬಿಡಿಸಿದರು. ಗ್ರಾಹಕವನ್ನು ಬಿಗಿಯಾಗಿ ಹಿಡಿಯುವ ನಾಲೊಕ್ಸೋನಿಗೆ ಟ್ರಿಟಿಯಮ್ಮಿನ ಗುರುತನ್ನಿತ್ತು, ಇಲಿಯ ಮಿದುಳಿನೊಡನೆ ಬೆರಸಿ, ಗಾಜಿನ ಎಳೆಗಳ ಸೋಸುಕದ ಮೂಲಕ ಕ್ಷಿಪ್ರವಾಗಿ ಸೋಸಿ, ತಣ್ಣನೆಯ ದ್ರಾವಣದಿಂದ ತೊಳೆದರು. ತೊಳೆಯದಿದ್ದರೆ ಸಡಿಲವಾಗಿ ಅಂಟಿದ್ದೂ ಉಳಿಯುತ್ತದೆ. ತಡಮಾಡಿದರೆ ನಿಜವಾಗಿ ಹಿಡಿದದ್ದೂ ಕಳಚುತ್ತದೆ. ತಂಪು ಈ ಕಳಚುವಿಕೆಯನ್ನು ನಿಧಾನಗೊಳಿಸುತ್ತದೆ.

ಉಳಿದುದು ಗ್ರಾಹಕದಲ್ಲೇ ಇದೆಯೆಂಬುದಕ್ಕೆ ಸಾಕ್ಷಿಯೇನೆಂದು ನಾವು ಕೇಳಬಹುದು. ಲೆವೊರ್ಫನಾಲ್ ನೋವನ್ನು ಶಮನಗೊಳಿಸುತ್ತದೆ; ಕನ್ನಡಿಯ ಪ್ರತಿಬಿಂಬದಂತಿರುವ ಅದರ ಜೋಡಿ ಡೆಕ್ಸ್ಟ್ರೋರ್ಫಾನಿಗೆ ಆ ಗುಣವಿಲ್ಲ. ಮೊದಲನೆಯದನ್ನು ಬೆರಸಿದಾಗ ನಾಲೊಕ್ಸೋನ್ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿತು. ಅಷ್ಟೇ ಪ್ರಮಾಣದ ಎರಡನೆಯದಕ್ಕೆ ಕದಲಲಿಲ್ಲ. ಕೊಬ್ಬಾಗಲಿ ಸೋಸುಕವಾಗಲಿ ಎಡಬಲಗಳ ಇಂತಹ ಭೇದವನ್ನು ಎಣಿಸುವುದುಂಟೆ?

ಗಸಗಸೆ ಗಿಡದ ಹಾಲಿಗಾಗಿ ನಮ್ಮ ಮಿದುಳು ಬೀಗವನ್ನು ಇರಿಸಿಕೊಂಡಿರಲಾರದು. ದೇಹದ ಸ್ವಂತ ಬೀಗದಕೈಯೂ ಇರಬೇಕಲ್ಲವೆ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಜ್ ಅದನ್ನು ಬೆಳಕಿಗೆ ತಂದರು: ಎನ್‌ಕೆಫಲಿನ್. ಚೆನ್ನಾಗಿ ತೊಳೆದ ಒಂದು ಸೋಸುಕದಿಂದ ಎಷ್ಟು ದೂರ ಕಾಣಬಹುದೆಂಬುದನ್ನು ನಾವು ಇಲ್ಲಿ ಅರಿಯುತ್ತೇವೆ.