ಕೌಂಟರಿನ ಆಚೆ ನಿಂತವರ ಕಣ್ಣಿನಿಂದ



ಶಿಕಾಗೋ ಮತ್ತು ಡೆಟ್ರಾಯಿಟ್ ಸುತ್ತಮುತ್ತಲಿಂದ ಬಂದಿರುವ ನಿಮ್ಮಲ್ಲಿ ಬಹಳ ಮಂದಿ ನನ್ನ ಹಾಗೆ ಸಾಫ್ಟ್‌ವೇರ್, ಕಾರು ತಯಾರಿಕೆ, ಆಸ್ಪತ್ರೆ, ಬ್ಯಾಂಕುಗಳಲ್ಲಿ ದುಡಿಯುವವರು. ಡಿಸೈನ್ ಎಂಬ ಮಾತು ನಮಗೆ ಹೊಸದಲ್ಲ. ಆದರೆ ಸರ್ಕಾರಿ ಕಚೇರಿಯಲ್ಲಿ ಡಿಸೈನ್‌ಗೆ ಏನು ಕೆಲಸ? ಚೆಂದದ ಬಣ್ಣ, ಲೋಗೋಗಳ ಮಾತಲ್ಲ ಇದು. ಸೇವೆ ಬೇಕಾದವರು ಎಲ್ಲಿ ಎಡವುತ್ತಾರೆ ಎಂದು ಮೊದಲು ಕಂಡುಕೊಂಡು, ಕೆಲಸವನ್ನು ಅದಕ್ಕೆ ತಕ್ಕಂತೆ ಜೋಡಿಸುವುದು. ಇದನ್ನು ನಮ್ಮ ಅಕ್ಕಪಕ್ಕದ ಉದಾಹರಣೆಗಳಿಂದಲೇ ವಿವರಿಸುತ್ತೇನೆ.

ಮೊದಲು ಶಿಕಾಗೋದ 311. ನಗರಾಡಳಿತ ಇದನ್ನು 1999ರಲ್ಲಿ ಆರಂಭಿಸಿತು. ಬೀದಿದೀಪ ಕೆಟ್ಟರೂ, ರಸ್ತೆಯಲ್ಲಿ ಗುಂಡಿ ಬಿದ್ದರೂ ಒತ್ತಬೇಕಾದದ್ದು ಅದೇ ಮೂರು ಅಂಕಿ. ದೂರು ಯಾವ ಇಲಾಖೆಗೆ ಸೇರಿದ್ದು ಎಂದು ಹುಡುಕುವ ಹೊಣೆ ಜನರ ಹೆಗಲಿನಿಂದ ನಗರಾಡಳಿತದ ಹೆಗಲಿಗೆ ಬಂತು. ಗುಂಡಿ ಮುಚ್ಚಲು ಆಳು, ಹಣ ಎರಡೂ ಬೇಕು, ನಿಜ. ಆದರೆ ದೂರು ಸರಿಯಾದ ಮೇಜಿಗೆ ತಲುಪದಿದ್ದರೆ ಅವೆರಡೂ ಇದ್ದು ಪ್ರಯೋಜನವಿಲ್ಲ.

ಇನ್ನು ಮಿಷಿಗನ್. ಇಲ್ಲಿ ಆಹಾರದ ನೆರವು, ಮೆಡಿಕೇಡ್ ಮುಂತಾದವಕ್ಕೆ ಹಾಕಬೇಕಿದ್ದ ಅರ್ಜಿ 40ಕ್ಕೂ ಹೆಚ್ಚು ಪುಟ, 1,000ಕ್ಕೂ ಹೆಚ್ಚು ಪ್ರಶ್ನೆ. ಮಗು ಗರ್ಭದಲ್ಲಿ ನಿಂತ ದಿನಾಂಕವನ್ನೂ ಅದು ಕೇಳುತ್ತಿತ್ತು! ಡೆಟ್ರಾಯಿಟ್‌ನ ಸಿವಿಲ್ಲಾ ಎಂಬ ಲಾಭರಹಿತ ಡಿಸೈನ್ ಸಂಸ್ಥೆ ಅರ್ಜಿ ತುಂಬುವ ಕುಟುಂಬಗಳ ಜೊತೆಗೂ ಅದನ್ನು ಪರಿಶೀಲಿಸುವ ಸಿಬ್ಬಂದಿಯ ಜೊತೆಗೂ ಕೂತು ಕೆಲಸ ಮಾಡಿತು. ಮೇಲಧಿಕಾರಿಗಳ ಕೈಗೂ ಅದೇ ಅರ್ಜಿ ಕೊಟ್ಟು ತುಂಬಿ ನೋಡಿ ಎಂದಿತು. ಕಾನೂನಿಗೆ ನಿಜಕ್ಕೂ ಬೇಕಾದ ಪ್ರಶ್ನೆ ಯಾವುದು, ರೂಢಿಯಿಂದ ಉಳಿದುಕೊಂಡದ್ದು ಯಾವುದು ಎಂದು ಸೋಸಲಾಯಿತು. 2018ರಲ್ಲಿ ರಾಜ್ಯವಿಡೀ ಜಾರಿಗೆ ಬಂದ ಹೊಸ ಅರ್ಜಿ ಹಳೆಯದಕ್ಕಿಂತ ಶೇ. 80ರಷ್ಟು ಚಿಕ್ಕದು.

ಅದೇ ರಾಜ್ಯದಲ್ಲಿ ಇನ್ನೊಂದು ಕಥೆಯೂ ಇದೆ. 2013ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ಭತ್ಯೆಯ ವಿಭಾಗ ಮಿಡಾಸ್ ಎಂಬ ಸಾಫ್ಟ್‌ವೇರ್ ತಂದಿತು. ದಾಖಲೆಗಳಲ್ಲಿ ವ್ಯತ್ಯಾಸ ಕಂಡರೆ ಅದು ಪ್ರಶ್ನೆ ಕಳಿಸುತ್ತಿತ್ತು. ಉತ್ತರ ಬಾರದಿದ್ದರೆ ವಂಚನೆ ಎಂದು ತೀರ್ಮಾನಿಸುತ್ತಿತ್ತು. ಎಷ್ಟೋ ಪ್ರಶ್ನೆಗಳು ಹೋದದ್ದು ಭತ್ಯೆ ನಿಂತ ಮೇಲೆ ಜನ ತೆರೆದೇ ನೋಡದ ಆನ್‌ಲೈನ್ ಖಾತೆಗಳಿಗೆ. ಪಡೆದ ಹಣವನ್ನು ವಾಪಸು ಕೊಡುವುದರ ಜೊತೆಗೆ ಅದರ ನಾಲ್ಕು ಪಟ್ಟಿನವರೆಗೆ ದಂಡ; ಸಂಬಳ, ತೆರಿಗೆ ಮರುಪಾವತಿ ಜಪ್ತಿ. ಮನುಷ್ಯರು ನೋಡದೆ ಯಂತ್ರವೇ ತೀರ್ಮಾನಿಸಿದ್ದ 22,000ಕ್ಕೂ ಹೆಚ್ಚು ಪ್ರಕರಣಗಳನ್ನು ಆಮೇಲೆ ರಾಜ್ಯವೇ ಮರುಪರಿಶೀಲಿಸಿದಾಗ ಶೇ. 93ರಷ್ಟು ತಪ್ಪು ಎಂದು ಗೊತ್ತಾಯಿತು. 2022ರಲ್ಲಿ 2 ಕೋಟಿ ಡಾಲರ್ ಪರಿಹಾರಕ್ಕೆ ರಾಜ್ಯ ಒಪ್ಪಿತು. ಅಷ್ಟರಲ್ಲಿ ಎಷ್ಟೋ ಸಂಸಾರಗಳು ಸಾಲದಲ್ಲಿ ಮುಳುಗಿದ್ದವು.

ಈ ಎರಡನೆಯ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಇಂಥ ಕೋಡ್ ಬರೆಯುವವರು ನಾವೇ. ಕೋಡ್ ಕೊಟ್ಟ ನಿಯಮದಂತೆಯೇ ಓಡಿರಬಹುದು. ಆದರೆ ಪತ್ರ ತಲುಪದಿದ್ದರೆ ಏನಾಗುತ್ತದೆ, ದಂಡ ಬೀಳುವ ಮೊದಲು ಮನುಷ್ಯರೊಬ್ಬರು ಎಲ್ಲಿ ನೋಡುತ್ತಾರೆ ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಇದು ಅಮೆರಿಕದವರಿಗಷ್ಟೇ ಹೊಳೆದ ವಿದ್ಯೆಯಲ್ಲ. ನಮ್ಮ ಕರ್ನಾಟಕದ ‘ಭೂಮಿ’ ಯೋಜನೆ 2001ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತ್ತು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಇನ್ನೊಂದು ಪರದೆಯನ್ನು ರೈತರ ಕಡೆಗೆ ತಿರುಗಿಸಿ ಇಡಲಾಯಿತು. ಒಳಗೆ ಕೂತವರು ಏನು ಮಾಡುತ್ತಿದ್ದಾರೆ ಎಂದು ಹೊರಗೆ ನಿಂತವರಿಗೂ ಕಾಣಬೇಕಲ್ಲ! ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದು ಮೊದಲು. ಬೇಕಾದವರ ಅರ್ಜಿಯನ್ನು ಮುಂದಕ್ಕೆ ತಳ್ಳಲು ಕಂಪ್ಯೂಟರ್ ಬಿಡುತ್ತಿರಲಿಲ್ಲ. ಊರಿನ ಜಗಳವೆಲ್ಲ ಇದರಿಂದ ಮುಗಿಯಲಿಲ್ಲ, ಆದರೆ ಪಹಣಿಯ ಪ್ರತಿಗೆ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು.

ಹಾಗಾದರೆ ನಾವೇನು ಮಾಡಬಹುದು? ಕೆಲಸದಲ್ಲಿ, ಮುಂದಿನ ಪ್ರಾಜೆಕ್ಟಿನ ಮೊದಲ ಮೀಟಿಂಗಿನಲ್ಲೇ ಕೇಳಿ: ಇದನ್ನು ಬಳಸುವ ಯಾರ ಜೊತೆ ನಾವು ಕೂತು ನೋಡಿದ್ದೇವೆ? ಊರಿನಲ್ಲಿ, ಟ್ರಾಯ್, ನೋವೈ, ನೇಪರ್‌ವಿಲ್ ಎಲ್ಲೇ ಇರಲಿ, ಸಿಟಿ ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರು ಮಾತಾಡಲು ಸಮಯವಿರುತ್ತದೆ. ಇಲಿನಾಯ್ ಮತ್ತು ಮಿಷಿಗನ್ ಎರಡರ ಕಾನೂನೂ ಇದನ್ನು ಕೊಟ್ಟಿದೆ, ಮಾತಾಡಲು ಮತದಾರರಾಗಿರಬೇಕಿಲ್ಲ. ವೀಸಾದ ಮೇಲಿದ್ದೇವೆ ಎಂದು ಹಿಂದೆ ಸರಿಯಬೇಡಿ. ನೀವು ಎಡವಿದ ಅರ್ಜಿ, ನಿಮ್ಮ ಅಪ್ಪ ಅಮ್ಮನಿಗೆ ಅರ್ಥವಾಗದ ಬಸ್ಸಿನ ಬೋರ್ಡು, ಇವನ್ನು ಎರಡು ನಿಮಿಷದಲ್ಲಿ ಹೇಳಿ ಬನ್ನಿ. ಬದಲಿಸಬೇಕಾದದ್ದು ಏನೆಂದು ಕಚೇರಿಗೆ ತಿಳಿಯುವುದು ಹಾಗೆಯೇ.